ಗೆಡ್ಡೆಯ ತಲೆ

ಕುಳ್ಳವ್ವ ಕಳ್ಳಿ ಎಂದು ಫಾರಂನ ಕಚೇರಿಯಲ್ಲಿ ಬರೆದಿಟ್ಟಿದ್ದಾರೆ. ಯಾರೋ ಹೊಟ್ಟೆಕಿಚ್ಚಿಗೆ ಆಡಿದ ಬಾಯಿಮಾತಲ್ಲ ಇದು. ಕಾಗದದ ಮೇಲಿದೆ, ಕೆಳಗೆ ಅವಳದೇ ಎಡಗೈ ಹೆಬ್ಬೆಟ್ಟಿದೆ, ಪಕ್ಕದಲ್ಲಿ ದುಂಡು ಮೊಹರಿದೆ. ಏನು ಕದ್ದಳು ಎಂದು ಕೇಳಿದರೆ ಮೊದಲು ನಗು ಬರುತ್ತದೆ, ಆಮೇಲೆ ಮೈ ಉರಿಯುತ್ತದೆ. ಅಗೆದ ಗೆಡ್ಡೆಯ ತಲೆಯನ್ನು ಅಗೆದ ಗುಂಡಿಯಲ್ಲೇ ಹೂತಿದ್ದಳು. ಅಷ್ಟೇ ಅವಳ ಕಳ್ಳತನ.

ಆಳು ನಾಲ್ಕೂವರೆ ಅಡಿ. ವಯಸ್ಸು ಐವತ್ತು ದಾಟಿದೆ, ಎಷ್ಟು ದಾಟಿದೆ ಎಂದು ಅವಳಿಗೂ ಗೊತ್ತಿಲ್ಲ. ಗುಂಡಿಯ ಪಕ್ಕ ಬಗ್ಗುವ ತಾಪತ್ರಯವೇ ನನಗಿಲ್ಲ, ಗೆಡ್ಡೆ ಅಗೆಯಲಿ ಎಂದೇ ದೇವರು ನನ್ನನ್ನು ಅರ್ಧಕ್ಕೆ ನಿಲ್ಲಿಸಿದ ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಿದ್ದಳು. ಅವರು ಗುಡ್ಡದ ಜನ. ಮುತ್ತಜ್ಜಿಯ ಕಾಲದಿಂದ ಆ ಇಳಿಜಾರಿನಲ್ಲಿ ಕೆಂಪು ಗೆಡ್ಡೆ ಬೆಳೆದು ಉಂಡವರು. ಒಂದು ದಿನ ಮೂರು ಜೀಪು ಬಂದವು, ಈ ಗುಡ್ಡ ನಿಮ್ಮದಲ್ಲ ಎಂದು ಓದಿ ಹೇಳಿದರು. ಓದಿದ್ದು ಏನೆಂದು ಇವರಿಗೆ ತಿಳಿಯುವ ಹೊತ್ತಿಗೆ ತಂತಿಬೇಲಿ ಎದ್ದಿತ್ತು. ಬೇಲಿಯ ಒಳಗೆ ಬೀಜದ ಫಾರಂ ಆಯಿತು, ಹೊರಗೆ ತಗಡಿನ ಮನೆಗಳ ಎರಡು ಸಾಲು ಆಯಿತು. ಬೆಳಗ್ಗೆ ಎಂಟಕ್ಕೆ ಗೇಟು ತೆಗೆದರೆ ಅದೇ ಹೆಂಗಸರು ಅದೇ ಇಳಿಜಾರಿಗೆ ಕೂಲಿಗೆ ಹೋಗುತ್ತಾರೆ. ತನ್ನ ಮನೆಗೆ ತಾನೇ ನೆಂಟಳಾಗಿ ಹೋಗಿ, ಬಾಗಿಲಲ್ಲಿ ನಿಂತು ಒಳಗೆ ಬರಲಾ ಎಂದು ಕೇಳುವ ಪಾಡು ಅದು.

ಕೆಂಪು ಗೆಡ್ಡೆ ಅಗೆಯುವುದು ಹುಡುಗಾಟವಲ್ಲ. ಮೊಣಕಾಲುದ್ದ ಇಳಿದಿರುತ್ತದೆ. ಹಾರೆಯಿಂದ ಸುತ್ತ ಮಣ್ಣು ಸಡಿಲಿಸಿ, ಆಮೇಲೆ ಬೆರಳು ಹಾಕಿ ಕೆರೆಯುತ್ತಾ ಹೋಗಬೇಕು. ಎಲ್ಲಾದರೂ ಗೀರಿತೋ ಹಾಲು ಸೋರುತ್ತದೆ. ಆ ಹಾಲು ತಾಗಿದ ಕೈ ಸಂಜೆಯವರೆಗೆ ತುರಿಸುತ್ತದೆ, ಆ ಕೈಯಲ್ಲಿ ಕಣ್ಣು ಮುಟ್ಟಿಕೊಂಡರೆ ಅಂದಿನ ದಿನ ಮುಗಿದ ಹಾಗೆಯೇ. ಕುಳ್ಳವ್ವನ ಬಲಗೈಯ ಮೂರು ಬೆರಳಿಗೆ ಉಗುರೇ ಇಲ್ಲ. ಬಿದ್ದವು, ಮತ್ತೆ ಬರಲಿಲ್ಲ.

ಗೆಡ್ಡೆಗೆ ಬಳ್ಳಿ ಅಂಟಿಕೊಂಡಿರುವ ಮೇಲ್ತುದಿಯನ್ನು ಗುಡ್ಡದ ಜನ ತಲೆ ಎನ್ನುತ್ತಾರೆ. ಅದನ್ನು ಅವರು ತಿನ್ನುವುದಿಲ್ಲ. ಒಂದು ಹಿಡಿಯಷ್ಟು ತಲೆ ಕೊಯ್ದು, ಕೊಯ್ದ ಮುಖಕ್ಕೆ ಬೂದಿ ತಿಕ್ಕಿ, ಬಿಸಿಲು ತಾಗುವ ಮೊದಲೇ ಅದೇ ಗುಂಡಿಯಲ್ಲಿ ಓರೆಯಾಗಿ ಕೂರಿಸಿ, ಮಣ್ಣೆಳೆದು ಹಿಮ್ಮಡಿಯಿಂದ ಎರಡು ಸಲ ಒತ್ತುತ್ತಾರೆ. ಮುಂದಿನ ಮಳೆಗೆ ಅಲ್ಲೇ ಬಳ್ಳಿ ಏಳುತ್ತದೆ. ಬೇರೆ ಬಿತ್ತನೆ ಎಂಬುದೇ ಇಲ್ಲ. ಆರು ವರ್ಷದವಳಿದ್ದಾಗ ಕುಳ್ಳವ್ವ ಒಂದು ತಲೆಯನ್ನು ಬುಟ್ಟಿಗೆ ಹಾಕಿದ್ದಳು. ಅಜ್ಜಿ ಬೆನ್ನಿಗೆ ಕೊಟ್ಟ ಏಟಿಗೆ ಎರಡು ದಿನ ಮಗ್ಗುಲಾಗಿ ಮಲಗಿದ್ದಳು. ಆಮೇಲೆ ಅವಳ ಕೈ ತಪ್ಪಿದ್ದಿಲ್ಲ.

ಫಾರಂನವರ ದಾರಿಯೇ ಬೇರೆ. ಅವರು ಗುಡ್ಡದ ಹಳೆಯ ಗೆಡ್ಡೆಯನ್ನು ವರ್ಷಕ್ಕೊಂದು ಪಟ್ಟಿಯಂತೆ ತಲೆಸಮೇತ ಕಿತ್ತರು. ತೊಳೆದರು, ತೂಗಿದರು, ಚೀಲಕ್ಕೆ ತುಂಬಿ ಗೋದಾಮಿನಲ್ಲಿಟ್ಟರು. ಮಳೆಗೆ ಮುಂಚೆ ತುಂಡು ಮಾಡಿ ನೆಟ್ಟರು. ಮೊದಲ ವರ್ಷ ಕೊಳೆಯಿತು, ಎರಡನೆಯ ವರ್ಷವೂ ಕೊಳೆಯಿತು. ಔಷಧಿ ತಂದು ಸುರಿದರು, ಔಷಧಿಯ ಜೊತೆಗೇ ಕೊಳೆಯಿತು. ಯಾಕೆ ಕೊಳೆಯುತ್ತಿದೆ ಎಂದು ಅಲ್ಲಿದ್ದ ಇಪ್ಪತ್ತೆರಡು ಹೆಂಗಸರಿಗೂ ಗೊತ್ತಿತ್ತು. ಕೇಳಿದವರು ಯಾರು? ಒಬ್ಬಳು ಮುದುಕಿ ತಾನಾಗಿ ಹೇಳಲು ಹೋದದ್ದಕ್ಕೆ, ಬಾಯಿ ಮುಚ್ಚಿಕೊಂಡು ಅಗಿ ಎಂದಿದ್ದ ಮೇಸ್ತ್ರಿ. ಮುದುಕಿ ಬಾಯಿ ಮುಚ್ಚಿಕೊಂಡಳು. ಉಳಿದವರೂ ಮುಖ ಅತ್ತ ತಿರುಗಿಸಿ ತಲೆಗಳನ್ನು ಬುಟ್ಟಿಗೆ ಹಾಕುವುದು ಕಲಿತರು.

ಮೊದಲೆರಡು ವರ್ಷ ಗೆಡ್ಡೆ ತೊಳೆಯುತ್ತಿದ್ದ ಕುಳ್ಳವ್ವನನ್ನು ಆಮೇಲೆ ಅಗೆತಕ್ಕೆ ಹಾಕಿದರು, ಅವಳೂ ಕಲಿಯಲು ನೋಡಿದಳು. ಕೈ ಕೇಳಲಿಲ್ಲ. ಬುಟ್ಟಿಗೆ ಹಾಕಬೇಕು ಎಂದುಕೊಂಡೇ ಗುಂಡಿಗೆ ಕೈ ಹಾಕುತ್ತಿದ್ದಳು. ಮನಸ್ಸು ಇನ್ನೆಲ್ಲೋ ಇರುವಾಗ ಕೈ ಕೊಯ್ದು, ಬೂದಿ ಹಚ್ಚಿ, ಹೂತು, ಹಿಮ್ಮಡಿ ಒತ್ತಿ ಮುಗಿಸಿರುತ್ತಿತ್ತು. ಬೂದಿ ಎಲ್ಲಿಂದ ಬಂತು ಎನ್ನುತ್ತೀರಾ? ಬೆಳಗ್ಗೆ ಒಲೆಯಿಂದ ಒಂದು ಹಿಡಿ ತೆಗೆದು ಸೊಂಟದ ಬಟ್ಟೆಗೆ ಗಂಟು ಹಾಕಿಕೊಳ್ಳುವುದೂ ಕೈಯ ಕೆಲಸವೇ. ಅದನ್ನೂ ಅವಳನ್ನು ಕೇಳಿ ಮಾಡುತ್ತಿರಲಿಲ್ಲ.

ಮೂರನೆಯ ವರ್ಷದ ಅಗೆತದಲ್ಲಿ ಮೇಸ್ತ್ರಿ ತಕ್ಕಡಿ ಹಿಡಿದು ನಿಂತ. ಕುಳ್ಳವ್ವನ ಬುಟ್ಟಿ ಎಲ್ಲರದಕ್ಕಿಂತ ಹಗುರ. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಅವನು ಕಬ್ಬಿಣದ ಸರಳು ಹಿಡಿದು ಅವಳ ಸಾಲಿನುದ್ದಕ್ಕೂ ಚುಚ್ಚುತ್ತಾ ಹೋದ. ಚುಚ್ಚಿದಲ್ಲೆಲ್ಲ ತಲೆ ಸಿಕ್ಕಿತು.

“ಏನೇ ಇದು? ಕತ್ತಲಾದ ಮೇಲೆ ಬಂದು ಅಗ್ಕೊಂಡು ಹೋಗೋಣ ಅಂತಾನಾ?”

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದಳು. “ಅದು ಹಂಗೇ ಸ್ವಾಮಿ. ತಲೆ ಮಣ್ಣಿಗೇ ಹೋಗ್ಬೇಕು.”

“ನಿನ್ನ ತಲೆ ಮಣ್ಣಿಗೆ ಹೋಗ್ಲಿ” ಎಂದ ಮೇಸ್ತ್ರಿ.

ಹೂತಿದ್ದನ್ನೆಲ್ಲ ಅವಳ ಕೈಯಿಂದಲೇ ಕೀಳಿಸಿದ. ಹಾರೆ ಕೊಡಲಿಲ್ಲ, ಬೆರಳಿಂದ ಕೆರೆಯಬೇಕು. ಬೂದಿ ಮೆತ್ತಿಕೊಂಡ ತಲೆಗಳು ಒಂದೊಂದಾಗಿ ಹೊರಗೆ ಬಂದವು. ಕೆಲವಕ್ಕೆ ಆಗಲೇ ಬಿಳಿ ಬೇರಿನ ಎಳೆ ಒಡೆದಿತ್ತು. ಅವನ್ನು ಎಳೆ ಮುರಿಯದ ಹಾಗೆ ಅಂಗೈಯಲ್ಲಿಟ್ಟು ಎತ್ತಿದಳು. ಸಾಲಿನ ತುದಿಯ ಎಂಟನ್ನು ಮೇಸ್ತ್ರಿ ಚುಚ್ಚಲಿಲ್ಲ, ಅವಳು ಹೇಳಲಿಲ್ಲ.

ತಲೆಗಳನ್ನು ಕಚೇರಿಯ ಮುಂದಿನ ಸಿಮೆಂಟಿನ ಅಂಗಳದಲ್ಲಿ ರಾಶಿ ಹಾಕಿಸಿ, ಅದರ ಪಕ್ಕ ಅವಳನ್ನು ಕೂರಿಸಿದ. ಹೋಗುವವರು ಬರುವವರು ನೋಡಲಿ ಎಂದು. ಏಳಬಾರದು ಎಂದು ಕಾವಲುಗಾರನಿಗೆ ಹೇಳಿ ಹೋದ. ಬೆಳಗ್ಗೆ ಹತ್ತಕ್ಕೆ ಕೂತವಳು ಮಧ್ಯಾಹ್ನ ಎರಡಕ್ಕೆ ಬಯಲಿಗೆ ಹೋಗಿ ಬರುತ್ತೇನೆ ಎಂದು ಕೇಳಿದಳು. ಕಾವಲುಗಾರ ಮುಖ ತಿರುಗಿಸಿದ. ಮೂರಕ್ಕೆ ಕೇಳಿದಳು. ನಾಲ್ಕಕ್ಕೆ ಕೇಳಲಿಲ್ಲ. ಕೂತಲ್ಲೇ ಬಟ್ಟೆ ಒದ್ದೆಯಾಯಿತು, ಸಿಮೆಂಟಿನ ಮೇಲೆ ಹರಿಯಿತು. ಐವತ್ತು ದಾಟಿದ ಹೆಂಗಸು ಸ್ವಾಮಿ, ಮೊಮ್ಮಕ್ಕಳನ್ನು ಎತ್ತಿ ಆಡಿಸುವ ವಯಸ್ಸಿನವಳು.

ಅವಳ ಮಗಳು ಅದೇ ಕಚೇರಿಯಲ್ಲಿ ಗುಡಿಸಿ ಒರೆಸುವವಳು. ಹತ್ತನೇ ತರಗತಿ ಓದಿದ್ದಾಳೆ, ಗುಮಾಸ್ತೆಯ ಕೆಲಸ ಕೊಡುತ್ತೇವೆ ಎಂದು ಕೈಗೆ ಪೊರಕೆ ಕೊಟ್ಟಿದ್ದರು. ಕಿಟಕಿಯಿಂದ ಬೆಳಗಿಂದ ನೋಡುತ್ತಿದ್ದವಳು ಬಕೆಟ್ ತಂದು ಅಂಗಳಕ್ಕೆಲ್ಲ ನೀರು ಸುರಿದಳು. ತೊಳೆಯುವವಳ ಹಾಗೆ ಅವ್ವನ ಸುತ್ತ, ಅವ್ವನ ಮೈಮೇಲೂ ಸುರಿದಳು. ಈಗ ಯಾವ ನೀರು ಯಾವುದೋ ಯಾರಿಗೂ ತಿಳಿಯುವಂತಿರಲಿಲ್ಲ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಂಜೆ ಒಳಗೆ ಕರೆದು ಒಂದು ಕಾಗದ ಮುಂದಿಟ್ಟರು. ಏನಿದೆ ಇದರಲ್ಲಿ ಎಂದು ಕುಳ್ಳವ್ವ ಮಗಳನ್ನು ಕೇಳಿದಳು. ಮಗಳು ಓದಿದಳು, ಬಾಯಿಬಿಟ್ಟು ಓದಲಿಲ್ಲ. ಏನಿಲ್ಲ ಒತ್ತು, ಮನೆಗೆ ಹೋಗೋಣ ಎಂದಳು. ತುರಿಕೆಯಿಂದ ಊದಿದ್ದ ಹೆಬ್ಬೆರಳನ್ನು ಮೇಸ್ತ್ರಿಯೇ ಹಿಡಿದು ಶಾಯಿಗೆ ಅದ್ದಿದ.

ಮಳೆ ಬಂತು. ಫಾರಂ ನೆಟ್ಟ ತುಂಡುಗಳು ಎಂದಿನಂತೆ ಕೊಳೆತವು. ಅಗೆದ ಅಷ್ಟೂ ಇಳಿಜಾರಿನಲ್ಲಿ ಎಂಟೇ ಎಂಟು ಬಳ್ಳಿ ಎದ್ದವು, ಕುಳ್ಳವ್ವನ ಸಾಲಿನ ತುದಿಯಲ್ಲಿ. ಮೇಸ್ತ್ರಿಗೆ ಕಣ್ಣಿದ್ದರೂ ಕಾಣಲಿಲ್ಲ. ಕಂಡದ್ದು ಫಾರಂಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮನಿಗೆ. ಅವಳು ಜನರ ಡಾಕ್ಟರಲ್ಲ, ಗಿಡಗಳ ಮೇಲೆ ಓದಿ ಡಾಕ್ಟರಾದವಳು. ಇನ್ನೂ ಮೂವತ್ತಾಗಿಲ್ಲ, ದಪ್ಪ ಕನ್ನಡಕ, ಮೆದು ಮಾತು. ಆ ಎಂಟನ್ನು ಹೂತವರು ಯಾರೆಂದು ಯಾರಿಂದಲೋ ತಿಳಿದುಕೊಂಡು ಮಧ್ಯಾಹ್ನದ ಊಟದ ಬಿಡುವಿನಲ್ಲಿ ತಗಡಿನ ಮನೆ ಹುಡುಕಿಕೊಂಡು ಬಂದಳು. ಚಾಪೆ ಹಾಸುವ ಮೊದಲೇ ನೆಲದ ಮೇಲೆ ಕೂತಳು. ಅವ್ವಾ, ಇದನ್ನು ಹೇಗೆ ನೆಡುತ್ತೀರಿ ನನಗೂ ಹೇಳಿಕೊಡಿ ಎಂದಳು.

ಇಲ್ಲೇ ನೋಡಿ ಕುಳ್ಳವ್ವ ಎಡವಿದ್ದು. ಇನ್ಯಾರೇ ಆಗಿದ್ದರೂ, ಹೋಗಮ್ಮ ನಿನ್ನ ಮೇಸ್ತ್ರಿಯನ್ನು ಕೇಳು ಎಂದು ಬಾಗಿಲು ಹಾಕುತ್ತಿದ್ದರು. ಗುಡ್ಡದ ಜನಕ್ಕೆ ಅದು ಬರುವುದಿಲ್ಲ. ಹೆಣ್ಣು ಕೇಳಿಕೊಂಡು ಬಂದವರಿಗೆ ಮನಸ್ಸೊಪ್ಪದಿದ್ದರೆ ಅವರು ಇಲ್ಲ ಎನ್ನುತ್ತಾರೆ, ಉಪ್ಪು ಕೇಳಿ ಬಂದವರಿಗೂ ಕೋಪವಿದ್ದರೆ ಇಲ್ಲ ಎನ್ನುತ್ತಾರೆ. ಬೆಳೆಯುವುದು ಹೇಗೆ ಎಂದು ಕೇಳಿ ಬಂದವರಿಗೆ ಇಲ್ಲ ಎನ್ನುವುದಿಲ್ಲ. ಕುಳ್ಳವ್ವನ ಅಪ್ಪನ ತೋಳು ಮುರಿದವನ ಹೆಂಡತಿ ಬಂದು ಕೇಳಿದಾಗಲೂ ಅವಳ ಅವ್ವ ಎದ್ದು ಹೋಗಿ ತೋರಿಸಿ ಬಂದಿದ್ದಳು. ಅಂಥವರ ಮಗಳು ಇವಳು. ಮೂರು ಮಧ್ಯಾಹ್ನ ಕೂತು ಹೇಳಿದಳು. ಯಾವ ಬೂದಿ, ಎಷ್ಟು ದಪ್ಪ. ಮೊಳಕೆಯ ಕಣ್ಣಿರುವ ಮಗ್ಗುಲು ಗುಡ್ಡದ ಯಾವ ಕಡೆಗೆ ಇರಬೇಕು, ನೀರು ಕೊಯ್ದ ಮುಖದಲ್ಲಿ ನಿಲ್ಲದ ಹಾಗೆ ಹೇಗೆ ಓರೆ ಮಾಡಬೇಕು. ಹಿಮ್ಮಡಿ ಎರಡು ಸಲ, ಮೂರನೆಯ ಸಲ ಒತ್ತಿದರೆ ಉಸಿರು ಕಟ್ಟುತ್ತದೆ. ಡಾಕ್ಟರಮ್ಮ ಎಲ್ಲ ಬರೆದುಕೊಂಡಳು, ಫೋಟೋ ತೆಗೆದುಕೊಂಡಳು. ಮಣ್ಣು ಮುಟ್ಟಲಿಲ್ಲ.

ಆಮೇಲೆ ಕಾಯಂ ಕೂಲಿಗಳ ಪಟ್ಟಿ ಗೋಡೆಗೆ ಹಚ್ಚಿದರು. ಇಪ್ಪತ್ತೆರಡು ಹೆಂಗಸರಲ್ಲಿ ಇಪ್ಪತ್ತೊಂದು ಹೆಸರಿತ್ತು. ಕುಳ್ಳವ್ವ ಕಚೇರಿಯ ಕಿಟಕಿಗೆ ಹೋಗಿ ಕೇಳಿದಳು. ಗುಮಾಸ್ತ ಕಡತ ತೆಗೆದು ಕಾಗದ ತೋರಿಸಿ ಓದಿ ಹೇಳಿದ. ಕಳ್ಳತನ ಮಾಡಿದ್ದೇನೆ ಎಂದು ನೀನೇ ಒಪ್ಪಿಕೊಂಡಿದ್ದೀಯಲ್ಲ ಎಂದ.

ಅವಳು ಮನೆಗೆ ಬಂದು ಮಗಳ ಎದುರು ನಿಂತಳು. ಮಗಳು ತಲೆ ಎತ್ತದೆ ಹೇಳಿದಳು.

“ಓದಿದ್ದೆ ಅವ್ವಾ. ಹೇಳಿದ್ರೆ ನೀನು ಒತ್ತುತಿರ್ಲಿಲ್ಲ. ಒತ್ತದೇ ಇದ್ರೆ ನಾಳೆನೂ ಅಲ್ಲೇ ಕೂರಿಸ್ತಿದ್ರು. ನನ್ನ ಕೈಲಿ ಇನ್ನೊಂದಿನ ನೋಡಕ್ಕಾಗ್ತಿರ್ಲಿಲ್ಲ.”

ಎರಡು ದಿನ ಕುಳ್ಳವ್ವ ಮಗಳ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಮಾತಾಡಿದಳು, ಅದರ ಸುದ್ದಿ ಬಿಟ್ಟು. ಕೆಲಸ ಹೋದರೆ ಹೋಗಲಿ, ಕಾಯಂ ಆಗದಿದ್ದರೆ ಬೇಡ. ಕಳ್ಳಿ ಎಂಬ ಮಾತು ಅಳಿಸಬೇಕು. ಅವಳಿಗೆ ಬೇಕಾಗಿದ್ದು ಅದೊಂದೇ. ಗುಡ್ಡದ ಮೇಲೆ ಮನೆಗಳಿಗೆ ಬಾಗಿಲೇ ಇರಲಿಲ್ಲ, ಯಾರೂ ಯಾರದ್ದನ್ನೂ ಮುಟ್ಟುತ್ತಿರಲಿಲ್ಲ. ತನ್ನ ಅಜ್ಜಿಯ ಕೈಯ ಕೆಲಸಕ್ಕೆ ಕಳ್ಳತನ ಎಂಬ ಹೆಸರು ಬಂದು, ಅದಕ್ಕೆ ತನ್ನ ಹೆಬ್ಬೆಟ್ಟು ಬಿದ್ದಿದೆ ಎಂಬುದು ಅವಳನ್ನು ಉಣ್ಣಲು ಬಿಡಲಿಲ್ಲ. ಸತ್ತರೂ ಆ ಕಾಗದ ಸಾಯುವುದಿಲ್ಲವಲ್ಲ ಎಂದು ಕೂತಲ್ಲಿ ನಿಂತಲ್ಲಿ ಹಲುಬಿದಳು.

ಫಾರಂನ ದೊಡ್ಡ ಸಾಹೇಬರ ಹತ್ತಿರ ಮೂರು ಸಲ ಹೋದಳು. ಮೊದಲ ಸಲ ಅವರು ಸಿಗಲಿಲ್ಲ. ಎರಡನೆಯ ಸಲ ವರಾಂಡದಲ್ಲಿ ನಿಲ್ಲಿಸಿ ಕೇಳಿ, ಕಡತಕ್ಕೆ ಹೋದದ್ದು ಹೋಯಿತು, ಅದನ್ನು ಕೀಳಲು ನನಗೂ ಅಧಿಕಾರವಿಲ್ಲ ಎಂದು ನಕ್ಕರು. ಮೂರನೆಯ ಸಲ ನಗಲಿಲ್ಲ. ಹೆಬ್ಬೆಟ್ಟು ಒತ್ತಿದ್ದು ನಾನಾ ನೀನಾ ಎಂದು ಕೇಳಿ ಬಾಗಿಲು ಹಾಕಿಸಿದರು. ಡಾಕ್ಟರಮ್ಮನನ್ನು ಹಿಡಿದು ನಿಲ್ಲಿಸಿ, ತಾಯೀ ನಿನಗೆ ಗೊತ್ತಲ್ಲ, ನೀನಾದರೂ ಹೇಳು ಎಂದಳು. ಹೇಳುತ್ತೇನೆ ಅವ್ವಾ, ಖಂಡಿತ ಹೇಳುತ್ತೇನೆ ಎಂದಳು ಆಕೆ. ಅಂದಿನಿಂದ ಕುಳ್ಳವ್ವನನ್ನು ಕಂಡರೆ ಬೇರೆ ದಾರಿ ಹಿಡಿದು ಹೋಗುತ್ತಿದ್ದಳು.

ಮರುವರ್ಷ ಇಳಿಜಾರಿನ ಬುಡದಲ್ಲಿ ಒಂದು ದೊಡ್ಡ ಫಲಕ ಎದ್ದಿತು. ಹಳದಿ ಬಣ್ಣದ ಮೇಲೆ ಹಸಿರು ಅಕ್ಷರ. ಮಗಳು ನಿಂತು ಓದಿ ಹೇಳಿದಳು: ಕೆಂಪು ಗೆಡ್ಡೆಯ ತಲೆ ಮರುನಾಟಿ, ಹೊಸ ವಿಧಾನ. ಕೆಳಗೆ ದೊಡ್ಡ ಸಾಹೇಬರ ಹೆಸರು, ಅದರ ಕೆಳಗೆ ಸಣ್ಣದಾಗಿ ಡಾಕ್ಟರಮ್ಮನ ಹೆಸರು. ಬೇರೇನಾದರೂ ಇದೆಯಾ ಎಂದು ಕುಳ್ಳವ್ವ ಕೇಳಿದಳು. ಮಗಳು ಇನ್ನೊಂದು ಸಲ ಮೇಲಿನಿಂದ ಕೆಳಗಿನವರೆಗೆ ಓದಿ, ಇಲ್ಲ ಎಂದಳು.

ಈಗ ಮೇಸ್ತ್ರಿಯ ಆಟ ನೋಡಬೇಕಿತ್ತು. ಅದೇ ಸರಳು ಹಿಡಿದು ಸಾಲಿನ ಮೇಲೆ ಓಡಾಡುತ್ತಾ, ತಲೆ ಬಿಡ್ರೇ, ತಲೆ ಬಿಡ್ರೇ ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಒಂದೇ ಒಂದು ತಲೆ ಬುಟ್ಟಿಗೆ ಬಿದ್ದರೂ ಅಂದಿನ ಹಾಜರಿ ಇಲ್ಲವಂತೆ. ಬೂದಿಯನ್ನು ಫಾರಂನಿಂದಲೇ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಹೆಂಗಸರು ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕರು. ಕಾಯಂ ಆಗದೆ ದಿನಗೂಲಿಯಲ್ಲೇ ಉಳಿದಿದ್ದ ಕುಳ್ಳವ್ವ ನಗಲಿಲ್ಲ.

ಅಗೆತದ ಕೊನೆಗೆ ಫಾರಂನಲ್ಲಿ ಪ್ರದರ್ಶನ ಇಟ್ಟುಕೊಂಡರು. ಶಾಮಿಯಾನ, ಕುರ್ಚಿ, ಮೈಕು. ಬೇರೆ ಬೇರೆ ಊರಿನ ರೈತರು ಬಂದರು, ಮೇಲಿನ ಅಧಿಕಾರಿಗಳು ಬಂದರು. ಎಲ್ಲರ ಕೈಗೂ ಒಂದೊಂದು ಪುಸ್ತಕ ಕೊಟ್ಟರು. ತೋರಿಸಲು ಕುಳ್ಳವ್ವನನ್ನೇ ಆರಿಸಿದ್ದರು, ಅವಳಷ್ಟು ಚೊಕ್ಕವಾಗಿ ಮಾಡುವವರು ಇನ್ನೊಬ್ಬರಿರಲಿಲ್ಲ. ಉಳಿದ ಹೆಂಗಸರನ್ನು ಅವಳ ಹಿಂದೆ ಒಂದೊಂದು ಗುಂಡಿಗೆ ನಿಲ್ಲಿಸಿದ್ದರು. ಮಗಳು ಚಹಾದ ಲೋಟಗಳ ತಟ್ಟೆ ಹಿಡಿದು ಕುರ್ಚಿಗಳ ನಡುವೆ ಓಡಾಡುತ್ತಿದ್ದಳು.

ಏನೋ ಮಾಡಬೇಕೆಂದು ಕುಳ್ಳವ್ವ ಮನೆಯಿಂದಲೇ ಹೊಂಚಿ ಬಂದಿರಲಿಲ್ಲ. ಅದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಫಾರಂನವರು ಹಾಗೆಂದು ಬರೆದರು. ಅವಳು ಎಂದಿನಂತೆ ಮಂಡಿಯೂರಿ ಹಾರೆ ಹಾಕಿದಳು, ಕೈ ಇಳಿಸಿದಳು. ಒಳ್ಳೆಯ ಗೆಡ್ಡೆ, ಎರಡು ಕೈಯಲ್ಲಿ ಹಿಡಿಯುವಷ್ಟಿತ್ತು. ಮೇಲಕ್ಕೆತ್ತಿ, ಚೂರಿ ತೆಗೆದು ತಲೆಗೆ ಇಟ್ಟಳು. ಆಗಲೇ ದೊಡ್ಡ ಸಾಹೇಬರ ದನಿ ಮೈಕಿನಲ್ಲಿ ಬಂತು. ಈಕೆ ನಮ್ಮ ಫಾರಂನಲ್ಲೇ ತರಬೇತಿ ಪಡೆದ ಕೂಲಿ ಹೆಂಗಸು, ಏನೂ ಗೊತ್ತಿಲ್ಲದವಳಿಗೆ ನಾವು ಹೇಗೆ ಕಲಿಸಿದ್ದೇವೆ ನೋಡಿ ಎಂದರು.

ಚೂರಿ ನಿಂತಿತು. ಕೈ ಕೊಯ್ಯಲು ಎಳೆಯುತ್ತಿತ್ತು, ಅವಳು ಬಿಡಲಿಲ್ಲ. ಚೂರಿಯನ್ನು ಮಣ್ಣಿಗೆ ಚುಚ್ಚಿ ಎದ್ದಳು. ಗೆಡ್ಡೆಯನ್ನು ತಲೆಸಮೇತ ಎತ್ತಿಕೊಂಡು ಹೋಗಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಸಾಹೇಬರ ಮುಂದೆ ಇಟ್ಟಳು. ಬಟ್ಟೆ ಕೆಂಪು ಮಣ್ಣಾಯಿತು.

“ತಲೆ ಬಿಡ್ಬೇಕಲ್ಲೇ” ಎಂದು ಮೇಸ್ತ್ರಿ ಹಲ್ಲು ಕಚ್ಚಿ ಪಿಸುಗುಟ್ಟಿದ.

“ಬಿಡಲ್ಲ ಸ್ವಾಮಿ” ಎಂದಳು ಕುಳ್ಳವ್ವ, ಎಲ್ಲರಿಗೂ ಕೇಳುವ ಹಾಗೆ. “ಅದು ಕಳ್ತನ. ಒಂದ್ಸಲ ಮಾಡಿ ಹೆಬ್ಬೆಟ್ಟು ಒತ್ತಿದೀನಿ. ಇನ್ನೊಂದ್ಸಲ ಮಾಡಲ್ಲ.”

ಮುಂದಿನ ಸಾಲಿನಲ್ಲಿ ಕೂತಿದ್ದವರು ಏನು, ಏನು ಎಂದು ಕೇಳಿದರು. ಸಾಹೇಬರು ಮೈಕಿಗೆ ಕೈ ಅಡ್ಡ ಹಿಡಿದರು. ಮುದುಕಿಗೆ ತಲೆ ಸರಿಯಿಲ್ಲ, ಬಿಸಿಲಿಗೆ ಹೀಗಾಗುತ್ತದೆ ಎಂದರು. ಕಾಗದ ತನ್ನಿ, ಇವರೆಲ್ಲರ ಮುಂದೆ ಹರಿಯಿರಿ, ಆಮೇಲೆ ಮಾಡುತ್ತೇನೆ ಎಂದಳು ಅವಳು. ಯಾವ ಕಾಗದ, ಅಂಥದ್ದು ಯಾವುದೂ ಇಲ್ಲ ಎಂದರು ಸಾಹೇಬರು.

ತಟ್ಟೆ ಕೆಳಗಿಟ್ಟ ಸದ್ದಾಯಿತು. ಮಗಳು ಕುರ್ಚಿಗಳ ನಡುವೆ ನೆಟ್ಟಗೆ ನಿಂತಿದ್ದಳು. ಎರಡು ವರ್ಷದ ಹಿಂದೆ ಅವ್ವನಿಗೆ ಓದಿ ಹೇಳದೆ ನುಂಗಿದ್ದು ಅವಳ ಗಂಟಲಲ್ಲೇ ಇತ್ತು, ಒಂದಕ್ಷರ ಮರೆತಿರಲಿಲ್ಲ. ನೋಡಿ ಓದುವವಳ ಹಾಗೆ ಹೇಳಿದಳು.

“ನಾನು ಫಾರಂಗೆ ಸೇರಿದ ಗೆಡ್ಡೆಗಳ ತಲೆಭಾಗವನ್ನು ಕೊಯ್ದು, ಬೂದಿ ಹಚ್ಚಿ, ಅದೇ ಗುಂಡಿಗಳಲ್ಲಿ ಮುಚ್ಚಿಟ್ಟು ಕಳವು ಮಾಡಿರುತ್ತೇನೆ. ಇದು ನನ್ನ ತಪ್ಪು ಎಂದು ಒಪ್ಪಿಕೊಂಡಿರುತ್ತೇನೆ.”

ವಯಸ್ಸಾದ ರೈತನೊಬ್ಬ ಕೈಯಲ್ಲಿದ್ದ ಪುಸ್ತಕದ ಹಾಳೆ ತಿರುವಿ, ಬೆರಳಿಟ್ಟು ನಿಧಾನವಾಗಿ ಓದಿಕೊಂಡ. ಕೊಯ್ದು, ಬೂದಿ ಹಚ್ಚಿ, ಅದೇ ಗುಂಡಿಯಲ್ಲಿ. ತಲೆ ಎತ್ತಿ ಸಾಹೇಬರನ್ನು ನೋಡಿದ.

“ಇದೂ ಅದೂ ಒಂದೇ ಅಲ್ವೇನ್ರೀ?” ಎಂದ.

ಸಾಹೇಬರು ಚಹಾದ ವ್ಯವಸ್ಥೆ ಆಗಿದೆ, ಎಲ್ಲರೂ ಆ ಕಡೆ ದಯಮಾಡಿಸಬೇಕು ಎಂದರು. ಮಗಳ ಕಡೆ ತಿರುಗಿ, ನಾಳೆಯಿಂದ ನೀನು ಬರುವುದು ಬೇಡ ಎಂದು ಮೆಲ್ಲಗೆ ಹೇಳಿದರು. ಕಾಗದ ಕಡತದಲ್ಲೇ ಉಳಿಯಿತು. ಇಂದಿಗೂ ಅಲ್ಲೇ ಇದೆ.

ಹಿಂದಿನ ಸಾಲಿನ ಹೆಂಗಸರಲ್ಲಿ ಹನ್ನೊಂದು ಜನ ತಮ್ಮ ಗುಂಡಿಯ ಗೆಡ್ಡೆಗಳನ್ನು ತಲೆಸಮೇತ ಕಿತ್ತು, ಬಿಸಿಲಿಗೆ ಮಲಗಿಸಿ ಎದ್ದರು. ಉಳಿದವರು ಏಳಲಿಲ್ಲ. ಅವರಿಗೂ ಮಕ್ಕಳು ಮರಿ ಇವೆ, ಅವರನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಗೆಡ್ಡೆಗಳು ಸಾಲಾಗಿ ಬಿದ್ದಿದ್ದವು. ಕುಳ್ಳವ್ವನಿಗೆ ಅತ್ತ ನೋಡಲಾಗಲಿಲ್ಲ. ಸಾಹೇಬರ ಮೇಲಿನ ಸಿಟ್ಟು ಅಷ್ಟು ಹೊತ್ತಿಗೇ ಇಳಿದಿತ್ತು. ಇಷ್ಟು ತಲೆಗಳನ್ನು ಗುಡ್ಡದ ಹೆಂಗಸರೇ ಬೇಕೆಂದು ಬಿಸಿಲಿಗೆ ಹಾಕಿದ್ದನ್ನು ಅವಳು ಹುಟ್ಟಿದಾರಭ್ಯ ಕಂಡಿರಲಿಲ್ಲ.

ಎಲ್ಲರೂ ಚಹಾಕ್ಕೆ ಹೋದ ಮೇಲೆ ಡಾಕ್ಟರಮ್ಮ ಒಬ್ಬಳೇ ಓಡಿಬಂದಳು. ಗುಂಡಿಯ ಪಕ್ಕ ಮಂಡಿಯೂರಿ, ಮಣ್ಣಿಗೆ ಚುಚ್ಚಿದ್ದ ಚೂರಿ ಕಿತ್ತು ಒಂದು ಗೆಡ್ಡೆಯ ತಲೆ ಕೊಯ್ದಳು. ಬೂದಿ ಹಚ್ಚಿದಳು. ಗುಂಡಿಗೆ ಇಟ್ಟಳು, ತೆಗೆದಳು, ತಿರುಗಿಸಿ ಇಟ್ಟಳು, ಮತ್ತೆ ತೆಗೆದಳು. ಬರೆದುಕೊಂಡಿದ್ದಳು, ಅಚ್ಚು ಹಾಕಿಸಿದ್ದಳು, ಕೈಯಾರೆ ಒಂದನ್ನೂ ನೆಟ್ಟಿರಲಿಲ್ಲ. ಬಿಸಿಲು ಏರುತ್ತಿತ್ತು. ಹಾಲು ತಾಗಿ ಅವಳ ಕೈ ಕೆಂಪಗಾಗುತ್ತಿತ್ತು. ಕನ್ನಡಕದ ಒಳಗೆ ಕಣ್ಣು ತುಂಬಿಕೊಂಡಿತ್ತು.

“ಅವ್ವಾ, ಯಾವ ಮಗ್ಗುಲು ಮೇಲೆ ಬರ್ಬೇಕು? ಹೇಳಿ ಅವ್ವಾ, ಒಣಗ್ತಾ ಇದೆ.”

ಉತ್ತರ ಕುಳ್ಳವ್ವನ ನಾಲಿಗೆಯ ತುದಿಗೆ ಬಂದಿತ್ತು. ಅವಳ ಅವ್ವ, ಅಜ್ಜಿ, ಅವರ ಹಿಂದಿನವರು ಯಾರೂ ಈ ಮಾತಿಗೆ ಉತ್ತರ ಕೊಡದೆ ನಿಂತವರಲ್ಲ. ಹೇಳದೆ ಉಳಿದರೆ ಪಾಪ ಎಂದು ಅವಳ ಮೈಯೆಲ್ಲ ಹೇಳುತ್ತಿತ್ತು.

“ಬರ್ಕೊಂಡಿದ್ಯಲ್ಲ ತಾಯಿ, ಅದ್ರಲ್ಲೇ ನೋಡ್ಕೋ” ಎಂದಳು.

ಮಗಳ ಕೈ ಹಿಡಿದು ಇಳಿಜಾರು ಇಳಿದಳು. ಹಿಡಿದ ಕೈಯನ್ನು ಗೇಟು ದಾಟುವವರೆಗೂ ಬಿಡಲಿಲ್ಲ, ಹಿಂದಿರುಗಿ ನೋಡಲೂ ಇಲ್ಲ. ನೋಡಿದ್ದರೆ ಹೋಗಿ ಕೂತು ಅಷ್ಟನ್ನೂ ಹೂತುಬಿಡುತ್ತಿದ್ದಳು. ತನ್ನ ಕೈಯ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ.